ಮಾಗಿಯ ಗಾಳಿಗೆ ಬಾಗಿಲು ಮುಚ್ಚುವ ಮುನ್ನ

ಮದ್ದೂರೆಂದೊಡನೆ ವಾಚಕರಿಗೆ ವಡೆಯ ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಆ ಮದ್ದೂರಿನ ಮಾತಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹಾದಿಯಲ್ಲಿ, ಬಂಡೀಪುರದ ಕಾಡಿನಂಚಿಗಿರುವ ಮದ್ದೂರಿನದು. 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಇದೇ ತಾಲ್ಲೂಕಿನದು. ಬೆಟ್ಟದ ಹೆಸರಿನಲ್ಲೇ ಹಿಮವಿರುವ ಸೀಮೆಯ ಚಳಿಯನ್ನು ಬೇರೆ ಬಣ್ಣಿಸಬೇಕೆ?

ಕೆಲವು ವರ್ಷಗಳ ಹಿಂದೆ, ಪುಷ್ಯಮಾಸದಲ್ಲಿ, ಸಂಸಾರಸಮೇತನಾಗಿ ಅಲ್ಲಿನ ಸೋದರತ್ತೆಯ ಮನೆಗೆ ಹೋಗಿದ್ದೆ. ಹೆಂಚಿನ ಹಳೆಯ ಮನೆ. ಬಾಗಿಲು ಹಾಕಿದ್ದರೂ ಗಾಳಿ ಹೊಸ್ತಿಲ ಮೇಲಿಂದ ನುಸುಳಿ ಕಾಲನ್ನು ಕೊರೆಯುತ್ತಿತ್ತು. ಮಗುವಿಗೆ ನೆಗಡಿ. ಅಟ್ಟ ಹಾಕಿದ ಪುಟ್ಟ ಕೋಣೆಯೊಂದನ್ನು ಆರಿಸಿಕೊಂಡು, ಹಳೆಯ ಸೀರೆ, ಗೋಣಿತಾಟುಗಳಿಂದ ಸಂದುಗಳನ್ನೆಲ್ಲ ಬಿಗಿದೆ. ಸಾಲದೆಂದು ಅಗ್ಗಿಷ್ಟಿಕೆಯ ತುಂಬ ಇದ್ದಲಿನ ಕೆಂಡ ತಂದಿಟ್ಟು ಕದವಿಕ್ಕಿದೆ.

ಗಂಟೆಯೊಂದು ಕಳೆದಿರಬಹುದು. ಮಡದಿ ತಲೆನೋವೆಂದಳು; ಮಗು ವಾಂತಿ ಮಾಡಿಕೊಂಡಿತು. ಸದ್ದು ಕೇಳಿ ಬಂದ ಅತ್ತೆ ಕದವನ್ನು ದೂಡಿ, ಮಗುವನ್ನೆತ್ತಿಕೊಂಡು ಜಗುಲಿಗೆ ನಡೆದರು. “ಮೊದಲು ಆ ಕೆಂಡ ಆಚೆಗೆ ಎತ್ತಿಡಪ್ಪ! ಮನೆಗೆ ಉಸಿರು ಬೇಡವೆ?” ಎಂದರು. ಓದಿದ ನಾನು ತಲೆತಗ್ಗಿಸಿದೆ.

ಹೊಗೆಯಾಡದ ಕೆಂಡ ನಿರಪಾಯವೆಂಬ ನಂಬಿಕೆ ಸುಳ್ಳು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅದು ಅಂಟಿಕೊಳ್ಳುತ್ತದೆ. ನಿದ್ರಿಸುವವನಿಗೆ ತಲೆನೋವಿನ ಎಚ್ಚರಿಕೆಯೂ ದೊರೆಯದು. ಪಟ್ಟಣದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರು ತರುವ ಮೃತ್ಯುವೂ ಇದೇ. ಇಂಥ ಲಕ್ಷಣ ಕಂಡೊಡನೆ ಎಲ್ಲರೂ ಬಯಲಿಗೆ ಬಂದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಹಾಗಾದರೆ ಚಳಿಗಾಳಿಯನ್ನು ಸಹಿಸಿಕೊಂಡಿರಬೇಕೆ? ಬೇಡ. ಮೊದಲು ಅದು ಬರುವ ದಾರಿಯನ್ನು ಕಂಡುಕೊಳ್ಳಿ. ಹಚ್ಚಿದ ಊದುಬತ್ತಿಯನ್ನು ಬಾಗಿಲು, ಕಿಟಕಿಗಳ ಅಂಚಿನುದ್ದಕ್ಕೂ ಹಿಡಿಯಿರಿ. ಪರದೆಗೆ ಕಿಡಿ ತಾಗದಿರಲಿ. ಹೊಗೆ ಓಲಾಡಿದೆಡೆಯಲ್ಲಿ ಸಂದಿದೆ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಕಚ್ಚುತ್ತದೆ. ನಾವು ಆತುರಪಟ್ಟು ಬಡಗಿಯಿಂದ ಹೆರೆಸುತ್ತೇವೆ. ಮಾಗಿಯ ಒಣಹವೆಗೆ ಅದೇ ಮರ ಕುಗ್ಗಿದಾಗ ಸಂದು ಬೆರಳಗಲವಾಗುತ್ತದೆ. ಹೆರೆಸುವ ಕೆಲಸಕ್ಕೆ ಒಣಗಾಲವೇ ಲೇಸು.

ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಕದದ ಅಡಿಯಂಚಿಗೆ ಮೊಳೆ ಹೊಡೆದರೆ ಸಾಕು. ಬಟ್ಟೆಯ ಉದ್ದನೆಯ ಚೀಲಕ್ಕೆ ಮರಳು ತುಂಬಿ ಹೊಸ್ತಿಲಿಗೊತ್ತಿಸಿಡುವುದೂ ಉಂಟು. ಚೌಕಟ್ಟಿನ ಒಳಮೈಗೆ ಹಳೆಯ ಕಂಬಳಿಯ ಪಟ್ಟಿ, ಗಾಜಿನ ಅಂಚಿಗೆ ಪುಟ್ಟಿ, ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕಿಗೆ ಗಾರೆ. ಮಣ್ಣಿನ ಗೋಡೆಯಾದರೆ ಹುಲ್ಲು ಬೆರೆಸಿ ಕಲಸಿದ ಮಣ್ಣೇ ಮೇಲು. ಹೀಗೆ ಮಲಗುವವರ ಮಟ್ಟದಲ್ಲಿ ಗಾಳಿಯನ್ನು ತಡೆದು, ಮೇಲಿನ ಗವಾಕ್ಷಿಯನ್ನು ಮಾತ್ರ ತೆರೆದಿಡಿ. ಮೈ ಕಾಯಿಸಲು ಕಂಬಳಿಯುಂಟು, ಬಿಸಿನೀರಿನ ಚೀಲವುಂಟು. ಕೆಂಡದ ಸ್ಥಾನ ಹೊರಗೆ.

ಮರುವರ್ಷ ಮದ್ದೂರಿಗೆ ಹೋದಾಗ ಟ್ಯೂಬು, ಮೊಳೆಗಳನ್ನು ನಾನೇ ಕೊಂಡೊಯ್ದೆ. ಕೆಲಸ ಮುಗಿದ ಮೇಲೆ ಅತ್ತೆ ಬಾಗಿಲನ್ನು ನೋಡಲಿಲ್ಲ. ಗವಾಕ್ಷಿ ತೆರೆದಿದೆಯೇ ಎಂದು ಕತ್ತೆತ್ತಿ ನೋಡಿ, ಬಳಿಕ ದೀಪವಾರಿಸಿದರು.