ಜಾಲ ಚಾಲಕಗಳ ಸ್ವಯಂಸ್ಥಾಪನೆ ಮತ್ತು ನಿರ್ವಾಹಕರ ಅಧಿಕಾರ

ಗಣಕಯಂತ್ರದ ಯಂತ್ರಾಂಶಕ್ಕೂ ಅದರ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶವೇ ಚಾಲಕ ಅಥವಾ ಡ್ರೈವರ್. ನೆಟ್‌ವರ್ಕ್ ಕಾರ್ಡಿನ ಚಾಲಕವನ್ನು ವ್ಯವಸ್ಥೆಯೇ ಆರಿಸಬೇಕೋ, ನಿರ್ವಾಹಕರು ಆರಿಸಬೇಕೋ ಎಂಬುದು ಸರ್ವರ್‌ಗಳ ಮಟ್ಟಿಗೆ ಕೇವಲ ಅನುಕೂಲದ ಪ್ರಶ್ನೆಯಲ್ಲ. ಸುರಕ್ಷತೆಯ ಪ್ರಶ್ನೆಯೂ ಹೌದು. ಲಿನಕ್ಸ್ ಬೆಳೆದುಬಂದ ಬಗೆ ಇದಕ್ಕೆ ಉತ್ತಮ ನಿದರ್ಶನ.

2001ರ ಲಿನಕ್ಸ್ 2.4 ಆವೃತ್ತಿಯ ಕಾಲದಲ್ಲಿ ಯಾವ ಕಾರ್ಡಿಗೆ ಯಾವ ಚಾಲಕ ಎಂಬುದನ್ನು ಸಂರಚನಾ ಕಡತದಲ್ಲಿ ಬರೆದಿಡುವುದು ರೂಢಿಯಾಗಿತ್ತು. 2003ರ ಡಿಸೆಂಬರಿನಲ್ಲಿ ಬಂದ 2.6 ಆವೃತ್ತಿ ಮತ್ತು ಅದರೊಡನೆ ಬೆಳೆದ 'ಯುಡೆವ್' ಈ ಕ್ರಮವನ್ನು ಬದಲಿಸಿದವು. ಪ್ರತಿಯೊಂದು ಪಿಸಿಐ ಕಾರ್ಡಿನಲ್ಲಿ ತಯಾರಕರ ಸಂಖ್ಯೆಯೂ ಸಾಧನದ ಸಂಖ್ಯೆಯೂ ಅಡಗಿರುತ್ತವೆ. ತಾನು ಯಾವ ಸಂಖ್ಯೆಗಳಿಗೆ ಸಲ್ಲುವೆನೆಂದು ಪ್ರತಿಯೊಂದು ಚಾಲಕವೂ ಮೊದಲೇ ಘೋಷಿಸಿರುತ್ತದೆ. ಇವೆರಡೂ ಹೊಂದಿದೊಡನೆ ಚಾಲಕವು ತಾನಾಗಿಯೇ ಸ್ಮೃತಿಗೆ ಬರುತ್ತದೆ.

ಇದರಿಂದ ಶ್ರಮ ಉಳಿಯಿತು. ಆದರೆ ಎರಡು ತೊಡಕುಗಳು ಹುಟ್ಟಿದವು. ಮೊದಲನೆಯದು ಹೆಸರಿನ ತೊಡಕು. ಬೇರೆಬೇರೆ ಚಾಲಕಗಳ ಎರಡು ಕಾರ್ಡುಗಳಿದ್ದರೆ, ಮೊದಲು ಸಿದ್ಧವಾದುದಕ್ಕೆ 'ಈಥ್ 0' ಎಂಬ ಹೆಸರು ದೊರೆಯುತ್ತಿತ್ತು. ಫೈರ್‌ವಾಲ್ ಸರ್ವರಿನಲ್ಲಿ ಒಂದು ಕಾರ್ಡು ಹೊರಜಾಲಕ್ಕೆ, ಇನ್ನೊಂದು ಒಳಜಾಲಕ್ಕೆ. ಮರುಚಾಲನೆಯಲ್ಲಿ ಹೆಸರುಗಳು ಅದಲುಬದಲಾದರೆ ಹೊರಬಾಗಿಲಿಗೆ ಬರೆದ ಕಟ್ಟಳೆ ಒಳಬಾಗಿಲಿಗೆ ಅನ್ವಯವಾಗುತ್ತದೆ. ಯಂತ್ರಾಂಶದ ವಿಳಾಸಕ್ಕೆ ಹೆಸರನ್ನು ಕಟ್ಟುವುದು ಇದಕ್ಕೆ ಪರಿಹಾರವಾಯಿತು. 2013ರಲ್ಲಿ 'ಸಿಸ್ಟಮ್‌ಡಿ' ಕಾರ್ಡು ಕುಳಿತ ಸ್ಥಾನವನ್ನೇ ಹೆಸರಿಗೆ ಆಧಾರವಾಗಿಸುವ ಕ್ರಮವನ್ನು ತಂದಿತು.

ಎರಡನೆಯದು ಹೆಚ್ಚು ಗಂಭೀರವಾದುದು. ಕಾರ್ಡುಗಳ ಚಾಲಕಗಳಂತೆಯೇ ಜಾಲಶಿಷ್ಟಾಚಾರಗಳ, ಅಂದರೆ ಪ್ರೋಟೋಕಾಲ್‌ಗಳ ಮಾಡ್ಯೂಲ್‌ಗಳೂ ಕೋರಿಕೆಯ ಮೇರೆಗೆ ತಾವಾಗಿ ಬರುತ್ತವೆ; ಸಾಮಾನ್ಯ ಬಳಕೆದಾರನ ಕೋರಿಕೆಯೂ ಇದಕ್ಕೆ ಸಾಕು. 2005ರಲ್ಲಿ ಲಿನಕ್ಸಿಗೆ ಸೇರಿದ ಡಿಸಿಸಿಪಿ ಎಂಬ ವಿರಳ ಬಳಕೆಯ ಪ್ರೋಟೋಕಾಲ್‌ನಲ್ಲಿ, ಬಳಕೆದಾರನಿಗೆ ಸರ್ವಾಧಿಕಾರ ದಕ್ಕಿಸಬಲ್ಲ ದೋಷವೊಂದು 2017ರಲ್ಲಿ ಬಯಲಾಯಿತು. ಡಿಸಿಸಿಪಿಯನ್ನು ಎಂದೂ ಬಳಸದ ಸರ್ವರ್ ಕೂಡ, ಆ ಮಾಡ್ಯೂಲ್ ಡಿಸ್ಕಿನಲ್ಲಿದ್ದ ಮಾತ್ರಕ್ಕೆ ಅಪಾಯಕ್ಕೆ ಒಳಗಾಗುವಂತಿತ್ತು.

ನಿರ್ವಾಹಕರ ಕೈಯಲ್ಲಿ ಮೂರು ಸಾಧನಗಳಿವೆ. ಮಾಡ್ಯೂಲನ್ನು ನಿಷೇಧಪಟ್ಟಿಗೆ ಸೇರಿಸಿದರೆ ಸಂಖ್ಯೆಯ ಹೊಂದಾಣಿಕೆಯಿಂದ ಬರುವ ಕರೆ ನಿಲ್ಲುತ್ತದೆ; ಹೆಸರು ಹಿಡಿದು ಕರೆದರೆ ಅದು ಮತ್ತೆ ಬರುತ್ತದೆ. ಸ್ಥಾಪನೆಯ ಆದೇಶವನ್ನೇ ವಿಫಲಗೊಳಿಸುವ ಸಾಲು ಇನ್ನೂ ಬಿಗಿಯಾದುದು. 2009ರಿಂದ ಲಭ್ಯವಿರುವ ಬೀಗ ಎಲ್ಲಕ್ಕಿಂತ ಕಠಿಣ: ಒಮ್ಮೆ ಹಾಕಿದರೆ ಮರುಚಾಲನೆಯವರೆಗೆ ಯಾವ ಮಾಡ್ಯೂಲೂ ಒಳಬರದು. ಆಗ ನಡುವೆ ಬದಲಿಸಿದ ಕಾರ್ಡಿಗೆ ಹೊಸ ಚಾಲಕ ಬೇಕಾದರೂ ಅದು ಸಿಗದು.

ಹೀಗಾಗಿ ಯಂತ್ರಾಂಶವನ್ನು ಗುರುತಿಸುವ ಕೆಲಸವನ್ನು ವ್ಯವಸ್ಥೆಗೆ ಒಪ್ಪಿಸಿ, ಪ್ರವೇಶದ ಅನುಮತಿಯನ್ನು ನಿರ್ವಾಹಕರಲ್ಲೇ ಉಳಿಸುವುದು ವಿವೇಕದ ಕ್ರಮವೆನಿಸುತ್ತದೆ.