ಬಿಟ್ಟ ಮೀನು ಬದುಕಿತೇ?

ಅಮೆರಿಕದ ಯೆಲ್ಲೋಸ್ಟೋನ್ ನದಿಯಲ್ಲಿ ಕಟ್‌ಥ್ರೋಟ್ ಎಂಬ ಜಾತಿಯ ಟ್ರೌಟ್ ಮೀನಿದೆ. ಗಂಟಲಡಿ ಕುಯ್ದ ಗಾಯದಂತೆ ಕಾಣುವ ಕೆಂಪು ಗೆರೆಯಿಂದ ಅದಕ್ಕೆ ಆ ಹೆಸರು. ಆ ಗೆರೆ ಹುಟ್ಟಿನಿಂದ ಬಂದದ್ದು, ಗಾಯವಲ್ಲ. ನಿಜವಾದ ಗಾಯ ನೋಡಬೇಕೆಂದರೆ ಬಾಯಿ ನೋಡಬೇಕು. ಮೇಲ್ದವಡೆಯ ಅಂಚಿನಲ್ಲಿ ಇರಬೇಕಾದ ತೆಳ್ಳಗಿನ ಎಲುಬು ಕೆಲವು ಮೀನುಗಳಲ್ಲಿ ಹರಿದುಹೋಗಿರುತ್ತದೆ. ತುಟಿಯ ಮೂಲೆಯಲ್ಲಿ ಮಾದುಹೋದ ತೂತು, ಒಂದು ಕಡೆಗೆ ಸೊಟ್ಟಗಾದ ಬಾಯಿ. ಇವೆಲ್ಲ ಯಾರೋ ಗಾಳ ಹಾಕಿ ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ನೀರಿಗೆ ಬಿಟ್ಟದ್ದರ ಗುರುತು.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸರೋವರದಿಂದ ನದಿ ಹೊರಬಿದ್ದು ಜಲಪಾತದತ್ತ ಹರಿಯುವ ಪಾತ್ರದಲ್ಲಿ, ಹಿಡಿದ ಕಟ್‌ಥ್ರೋಟನ್ನು ಬಿಡಲೇಬೇಕು ಎಂಬ ನಿಯಮ 1973ರಲ್ಲಿ ಬಂತು. ಅದಕ್ಕೂ ಮೊದಲು ಹಿಡಿದವರು ಒಯ್ಯುತ್ತಿದ್ದರು, ಮೀನು ಕಡಿಮೆಯಾಗುತ್ತಿತ್ತು. ನಿಯಮ ಬಂದ ಮೇಲೆ ಸಹಜವಾಗಿಯೇ ಒಂದು ಪ್ರಶ್ನೆ ಎದ್ದಿತು. ಬಿಟ್ಟ ಮೀನು ಕಣ್ಮರೆಯಾಗುವವರೆಗೆ ಈಜಿಹೋಗುವುದನ್ನು ಎಲ್ಲರೂ ನೋಡುತ್ತಾರೆ. ಆಮೇಲೆ ಏನಾಗುತ್ತದೆ?

1986ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಲೆಕ್ಕ ಕೊಟ್ಟಿತು. ಅಲ್ಲಿನ ಒಂದೊಂದು ಮೀನೂ ಒಂದೇ ಹಂಗಾಮಿನಲ್ಲಿ ಸರಾಸರಿ 9.7 ಸಲ ಗಾಳಕ್ಕೆ ಬೀಳುತ್ತಿತ್ತು. ಒಂದು ಸಲ ಸಿಕ್ಕಿಬಿದ್ದದ್ದರಿಂದ ಸಾಯುವ ಪ್ರಮಾಣ ಶೇ. 0.3 ಮಾತ್ರ; ಇಡೀ ಹಂಗಾಮಿಗೆ ಕೂಡಿಸಿದರೆ ಸುಮಾರು ಶೇ. 3. ಹತ್ತು ಸಲ ಕೊಕ್ಕೆಗೆ ಸಿಕ್ಕಿ ಹತ್ತು ಸಲವೂ ಬದುಕಿ ಬಂದ ಮೀನೆಂದರೆ, ಸೊಟ್ಟಬಾಯಿಯನ್ನು ಸೋಲಿನ ಗುರುತೆನ್ನಲು ನನಗೆ ಮನಸ್ಸು ಬಾರದು. ಮಾದ ಗಾಯವೆಂದರೆ ಮಾಯುವಷ್ಟು ದಿನ ಆ ಜೀವ ಬದುಕಿತ್ತು ಎಂದೇ ಅರ್ಥ. ಸತ್ತ ಮೀನಿನ ಗಾಯ ಮಾಯುವುದಿಲ್ಲ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ ಈ ಅಂಕಿಯನ್ನು ಹಿಡಿದು ಎಲ್ಲ ಕಡೆಯೂ ಹೀಗೇ ಎಂದುಕೊಂಡರೆ ತಪ್ಪಾಗುತ್ತದೆ. ಅಲ್ಲಿನ ನೀರು ತಣ್ಣಗಿನದು. ಗಾಳಕ್ಕೆ ಕಟ್ಟುವುದು ಗರಿ ನೂಲುಗಳಿಂದ ಹೆಣೆದ ಹುಳುವಿನಂಥ ನಕಲಿ ಮೇವು. ಬಾಯಿಗೆ ಹಾಕಿಕೊಂಡೊಡನೆ ಇದು ತಿನಿಸಲ್ಲವೆಂದು ಮೀನು ಉಗುಳಲು ನೋಡುತ್ತದೆ, ಕೊಕ್ಕೆ ತುಟಿಯಲ್ಲೇ ನಾಟುತ್ತದೆ. ಎರೆಹುಳುವಿನಂಥ ನಿಜವಾದ ಮೇವಾದರೆ ನುಂಗಿಬಿಡುತ್ತದೆ. ಆಗ ಕೊಕ್ಕೆ ಸಿಕ್ಕಿಕೊಳ್ಳುವುದು ಗಂಟಲಲ್ಲಿ, ಕಿವಿರಿನ ಬುಡದಲ್ಲಿ, ಇಲ್ಲವೇ ಅನ್ನನಾಳದಲ್ಲಿ. ಅದರ ಹಿಂದೆಯೇ ಹೃದಯ, ಯಕೃತ್ತು. ಬೇರೆ ಬೇರೆ ಜಾತಿಯ ಮೀನುಗಳ ಬಗ್ಗೆ ಮಾಡಿದ 274 ಅಂದಾಜುಗಳನ್ನು ಒಟ್ಟುಗೂಡಿಸಿ 2005ರಲ್ಲಿ ನೋಡಿದಾಗ ಬಿಟ್ಟ ಮೀನುಗಳ ಸಾವು ಸರಾಸರಿ ಶೇ. 18 ಇತ್ತು. ಕೊಕ್ಕೆ ಎಲ್ಲಿ ನಾಟಿತು ಎಂಬುದೇ ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಂಡಿತು.

ಆಳಕ್ಕಿಳಿದ ಕೊಕ್ಕೆಯನ್ನು ಕಂಡರೆ ಒಳ್ಳೆಯ ಮನಸ್ಸಿನವರಿಗೆ ಮೊದಲು ತೋಚುವುದು, ಅಯ್ಯೋ, ಅದನ್ನು ತೆಗೆದುಬಿಡೋಣ ಎಂದು. ಅದೇ ಮೀನಿಗೆ ಕುತ್ತು. 1967ರಷ್ಟು ಹಿಂದೆಯೇ ರೇನ್‌ಬೋ ಟ್ರೌಟ್‌ಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಕೊಕ್ಕೆ ಕಿತ್ತು ಬಿಟ್ಟವುಗಳಲ್ಲಿ ಹೆಚ್ಚಿನವು ಸತ್ತವು. ದಾರ ಕತ್ತರಿಸಿ, ಕೊಕ್ಕೆಯನ್ನು ಒಳಗೇ ಬಿಟ್ಟವುಗಳಲ್ಲಿ ಮೂರರಲ್ಲಿ ಎರಡು ಪಾಲು ಬದುಕಿದವು. ಎಷ್ಟೋ ಮೀನುಗಳು ಕಾಲಕ್ರಮದಲ್ಲಿ ಆ ಕೊಕ್ಕೆಯನ್ನು ತಾವೇ ಹೊರಹಾಕುತ್ತವೆ.

ಬಾಯಿಯ ಗಾಯ ಕಾಣುತ್ತದೆ. ಕಾಣದ್ದು ಅದಕ್ಕಿಂತ ಕೆಟ್ಟದ್ದು. ದಾರದ ತುದಿಯಲ್ಲಿ ಒದ್ದಾಡುವ ಮೀನು ತನ್ನ ಮೈಯ ಬಿಳಿ ಸ್ನಾಯುಗಳನ್ನೆಲ್ಲ ಒಮ್ಮೆಲೇ ದುಡಿಸುತ್ತದೆ. ಅಷ್ಟು ಬೇಗ ಆಮ್ಲಜನಕ ಒದಗದೆ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ರಕ್ತ ಹುಳಿಯಾಗುತ್ತ ಹೋಗುತ್ತದೆ. ಬೆಟ್ಟ ಹತ್ತಿ ಏದುಸಿರು ಬಿಡುವವನ ಸ್ಥಿತಿ ಅದು. ಸರಿಯಾಗಿ ಆ ಹೊತ್ತಿಗೇ ನಾವು ಅದನ್ನು ನೀರಿನಿಂದ ಎತ್ತುತ್ತೇವೆ. ನೀರಿನಲ್ಲಿದ್ದಾಗ ಬಿಡಿಬಿಡಿಯಾಗಿ ಹರಡಿಕೊಂಡಿರುವ ಕಿವಿರಿನ ಎಳೆಗಳು ಗಾಳಿಗೆ ಬಂದೊಡನೆ ಒದ್ದೆ ಕೂದಲಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಉಸಿರು ಅಲ್ಲಿಗೆ ನಿಂತಂತೆ.

ಇದನ್ನು ಅಳೆದು ತೋರಿಸಿದ ಕೆನಡಾದ ಪ್ರಯೋಗವೊಂದು 1992ರಲ್ಲಿ ಪ್ರಕಟವಾಯಿತು. ತೊಟ್ಟಿಯಲ್ಲಿ ಓಡಿಸಿ ದಣಿಸಿದ ರೇನ್‌ಬೋ ಟ್ರೌಟ್‌ಗಳಲ್ಲಿ 12 ಗಂಟೆಯೊಳಗೆ ಸತ್ತದ್ದು ಶೇ. 12. ದಣಿಸಿದ ಮೇಲೆ 30 ಸೆಕೆಂಡು ಗಾಳಿಯಲ್ಲಿ ಹಿಡಿದವುಗಳಲ್ಲಿ ಶೇ. 38. ಒಂದು ನಿಮಿಷ ಹಿಡಿದವುಗಳಲ್ಲಿ ಶೇ. 72. ಅವು ರಕ್ತ ತೆಗೆಯಲು ನಳಿಕೆ ಹಾಕಿಸಿಕೊಂಡಿದ್ದ ಪ್ರಯೋಗಾಲಯದ ಮೀನುಗಳಾದ್ದರಿಂದ ನದಿಯಲ್ಲಿ ಸಾವು ಇಷ್ಟಿರದು. ಆದರೂ ಫೋಟೋಗಾಗಿ, ಇನ್ನೊಂದು ಫೋಟೋಗಾಗಿ, ಮೊಬೈಲು ಕೈ ಬದಲಾಯಿಸುವವರೆಗೆ ಮೀನನ್ನು ಎತ್ತಿ ಹಿಡಿದವರನ್ನು ಕಂಡಾಗಲೆಲ್ಲ ನನಗೆ ಈ ಮೂರು ಸಂಖ್ಯೆಗಳು ನೆನಪಾಗುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. ಬೇಸಿಗೆಯಲ್ಲಿ ಅಮೆರಿಕದ ಮೊಂಟಾನಾ ರಾಜ್ಯದವರು ನದಿ ಕಾದಾಗ ಮಧ್ಯಾಹ್ನ ಎರಡು ಗಂಟೆಯ ಮೇಲೆ ಗಾಳ ಹಾಕುವುದನ್ನೇ ನಿಲ್ಲಿಸುವುದು ಇದಕ್ಕೇ.

ಇನ್ನು ಮೈಯ ಲೋಳೆ. ಜಾರುತ್ತದೆಂದು ಒಣ ಕೈಯಲ್ಲೋ ಟವೆಲ್ಲಿನಲ್ಲೋ ಹಿಡಿದರೆ ಅದು ಉಜ್ಜಿಹೋಗುತ್ತದೆ. ಆ ಲೋಳೆಯೇ ಮೀನಿಗೆ ರೋಗ ತಡೆಯುವ ಹೊದಿಕೆ. ಕೆಲವು ದಿನಗಳಲ್ಲಿ ಅಲ್ಲೇ, ಕೈಯೂರಿದ ಜಾಗದಲ್ಲೇ, ಹತ್ತಿಯ ಎಳೆಯಂತೆ ಬೆಳ್ಳಗೆ ಬೂಷ್ಟು ಹತ್ತಬಹುದು. ಬಿಟ್ಟವರು ಅಷ್ಟರಲ್ಲಿ ಊರು ಸೇರಿರುತ್ತಾರೆ.

ಮೀನಿಗೆ ನೋವಾಗುತ್ತದೆಯೇ ಎಂದು ಕೇಳುವವರಿಗೆ 2003ರ ಸ್ಕಾಟ್ಲೆಂಡಿನ ಪ್ರಯೋಗವಿದೆ. ಲಿನ್ ಸ್ನೆಡನ್ ಮತ್ತು ಜೊತೆಗಾರರು ಟ್ರೌಟ್‌ನ ಮುಖದಲ್ಲಿ ಪೆಟ್ಟನ್ನು ಗ್ರಹಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದಾಗ ಮೀನುಗಳು ತೊಟ್ಟಿಯ ತಳದ ಕಲ್ಲಿಗೆ ತುಟಿ ಉಜ್ಜಿದವು, ಬಹಳ ಹೊತ್ತು ಮೇವು ಮುಟ್ಟಲಿಲ್ಲ. ವಿಜ್ಞಾನಿಗಳಲ್ಲಿ ವಾದ ಇನ್ನೂ ಇದೆ. ಆದರೆ ಸ್ವಿಟ್ಜರ್ಲೆಂಡ್ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಕಾನೂನಿನಿಂದ ತಡೆದಿದೆ.

ನಮ್ಮ ಕಾವೇರಿಯಲ್ಲೂ ಈ ಕತೆಯ ಒಂದು ಅಧ್ಯಾಯವಿದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಬಿಡಾರಗಳಿಗೆ ಮಹಶೀರ್ ಎಂಬ ಮೀನು ಹಿಡಿಯಲು ದೇಶವಿದೇಶದವರು ಬರುತ್ತಿದ್ದರು. ಗಾಳಕ್ಕೆ ಮೇವು ಬೇಯಿಸಿದ ರಾಗಿ ಮುದ್ದೆ. ಹಿಡಿದದ್ದನ್ನು ತೂಗಿ, ಪುಸ್ತಕದಲ್ಲಿ ಬರೆದಿಟ್ಟು, ಬಿಡುತ್ತಿದ್ದರು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ ತೆಗೆದಾಗ ಯಾರೂ ಹುಡುಕದಿದ್ದ ಒಂದು ಸಂಗತಿ ಹೊರಬಿತ್ತು. ಒಟ್ಟು ಮೀನು ಹೆಚ್ಚುತ್ತಿತ್ತು. ಆದರೆ ಹೆಚ್ಚುತ್ತಿದ್ದುದು ಹೊರಗಿನ ಮರಿಕೇಂದ್ರದಿಂದ ತಂದುಬಿಟ್ಟ ನೀಲಿ ರೆಕ್ಕೆಯ ಜಾತಿ. ಕಾವೇರಿಗೇ ಸೀಮಿತವಾದ, ಬೆನ್ನುಗೂನಿನ ದೈತ್ಯ ಮಹಶೀರ್ ಪುಟದಿಂದ ಪುಟಕ್ಕೆ ವಿರಳವಾಗುತ್ತಿತ್ತು. ಆ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಆ ಪುಸ್ತಕಗಳಲ್ಲಿ ದಾಖಲಾದ ಗೂನುಬೆನ್ನಿನ ಮೀನುಗಳನ್ನು ದಡದ ಹಳ್ಳಿಗಳ ಸಹಾಯಕರು ಸೊಂಟದವರೆಗಿನ ನೀರಿನಲ್ಲಿ ನಿಂತು, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಮತ್ತೆ ಆಡುವವರೆಗೆ ಕಾಯುತ್ತಿದ್ದರು. ಬಾಲ ಒಮ್ಮೆ ಬಲವಾಗಿ ಬಡಿದರೆ ಸಾಕು, ಕೈ ಸಡಿಲಿಸುತ್ತಿದ್ದರು.