ಉದುರಿದ ಎಲೆಯೂ ಬೇಸಗೆಯ ಕೈತೋಟವೂ

ಪಂಚಾಂಗದ ಲೆಕ್ಕದಲ್ಲಿ ವಸಂತ ಋತುವು ಚೈತ್ರಮಾಸದಿಂದ ಮೊದಲಾಗುವುದಷ್ಟೆ. ಆದರೆ ಮಲ್ಲೇಶ್ವರದ ಮರಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಫೆಬ್ರವರಿ ತಿಂಗಳು ಬಂದಿತೆಂದರೆ ಹೊಂಗೆಯ ಎಲೆಗಳು ಹಳದಿಗೆ ತಿರುಗಿ ಬೀದಿಗೆ ಉದುರತೊಡಗುತ್ತವೆ. ಬೆಳಗ್ಗೆ ಗುಡಿಸಿ ರಂಗವಲ್ಲಿಯಿಟ್ಟ ಬಾಗಿಲಿನ ಮುಂದೆ ಮಧ್ಯಾಹ್ನದೊಳಗಾಗಿ ಮತ್ತೆ ಒಂದು ಹಾಸು ಎಲೆ ಬಿದ್ದಿರುತ್ತದೆ. ಗೃಹಿಣಿಯರಿಗೆ ಇದು ಬೇಸರವನ್ನುಂಟುಮಾಡುವುದು ಸಹಜವೇ. ಆದರೆ ಕೈತೋಟವನ್ನಿಟ್ಟುಕೊಂಡವರು ಇದನ್ನು ಕಸವೆಂದೆಣಿಸದೆ ವಸಂತದ ಮೊದಲನೆಯ ಕಾಣಿಕೆಯೆಂದು ತಿಳಿಯಬೇಕು. ಬೇಸಗೆಯಲ್ಲಿ ನಮ್ಮ ಗಿಡಗಳು ಉಳಿಯುವುದೂ ಬಾಡುವುದೂ ಬಹುಮಟ್ಟಿಗೆ ಈ ಎಲೆಗಳನ್ನು ನಾವು ಏನು ಮಾಡುವೆವೆಂಬುದನ್ನೇ ಅವಲಂಬಿಸಿದೆ.

೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂದ ಕಾಲದಲ್ಲಿ, ಗಾಳಿ ಬೆಳಕುಗಳಿಗೆ ಎಡೆಯಿರಲೆಂದು ಬೆಳೆಯಿಸಿದ ಬಡಾವಣೆ ಮಲ್ಲೇಶ್ವರ. ಇಲ್ಲಿಯ ಎರಡು ಮುಖ್ಯ ಬೀದಿಗಳಿಗೆ ಮರಗಳ ಹೆಸರೇ ನಿಂತಿದೆ: ಒಂದು ಸಂಪಿಗೆ ರಸ್ತೆ, ಇನ್ನೊಂದು ಮಾರ್ಗೋಸಾ ರಸ್ತೆ, ಎಂದರೆ ಬೇವಿನ ರಸ್ತೆ. ಈ ದಿನಗಳಲ್ಲಿ ಮುಂಜಾನೆ ಇಲ್ಲಿ ಒಂದು ಸುತ್ತು ಬಂದರೆ ನೋಡತಕ್ಕುದು ಬೇಕಾದಷ್ಟುಂಟು. ಮಾವು ಹೂ ಬಿಟ್ಟಿರುತ್ತದೆ. ಅರಳಿಯ ಎಳೆಯ ಎಲೆಗಳು ತಾಮ್ರದ ತಗಡಿನಂತೆ ಹೊಳೆಯುತ್ತವೆ. ೧೯೦೯ರಲ್ಲಿ ಸ್ಥಾಪಿತವಾದ ಟಾಟಾ ವಿಜ್ಞಾನ ಸಂಸ್ಥೆಯ ಕಡೆಗೆ ಹೋದರೆ, ಅಮೆರಿಕ ಖಂಡದಿಂದ ಬಂದು ನಮ್ಮವೇ ಆಗಿಹೋದ ಟಬೆಬುಯಾ ಮರಗಳು ಎಲೆಯನ್ನೆಲ್ಲ ಕಳಚಿ ಬರಿಯ ಹೂವಾಗಿ ನಿಂತಿರುವುದನ್ನು ಕಾಣಬಹುದು.

ಹಕ್ಕಿಗಳೂ ಸುಮ್ಮನಿರುವುದಿಲ್ಲ. ಕಂಚುಗಾರನು ಸಣ್ಣ ಸುತ್ತಿಗೆಯಿಂದ ಬಡಿದಂತೆ ಬಿಡುವಿಲ್ಲದೆ 'ಟುಕ್ ಟುಕ್' ಎನ್ನುವುದು, ಹಣೆಯಲ್ಲಿ ಕೆಂಪು ಬೊಟ್ಟಿನಂಥ ಗುರುತುಳ್ಳ ಪುಟ್ಟ ಹಸುರು ಕುಟ್ರುಹಕ್ಕಿ. ಒಣಗಿದ ಕೊಂಬೆಯನ್ನು ಕೊರೆದು ಗೂಡು ಮಾಡುವುದು ಅದರ ಪದ್ಧತಿ; ಆದುದರಿಂದ ಅಪಾಯವಿಲ್ಲದ ಒಣಕೊಂಬೆಯನ್ನು ಕಡಿಸದಿರುವುದು ಒಳ್ಳೆಯದು. ಕೋಗಿಲೆಯ ದನಿಯೂ ಈಗ ಕೇಳಬರುತ್ತದೆ. 'ಕುಹೂ' ಎಂದು ಹಾಡುವುದು ಕಾಡಿಗೆಗಪ್ಪಿನ ಗಂಡು. ಹೆಣ್ಣಿನದು ಬಿಳಿಯ ಚುಕ್ಕೆಗಳುಳ್ಳ ಕಂದುಮೈ. ಅದು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದು ಎಲ್ಲರಿಗೂ ತಿಳಿದ ಸಂಗತಿ.

ಇಷ್ಟು ಸಂಭ್ರಮವೂ ನೀರಿಲ್ಲದ ಕಾಲದಲ್ಲಿ ನಡೆಯುತ್ತದೆಂಬುದನ್ನು ಮರೆಯಬಾರದು. ಬೆಂಗಳೂರಿಗೆ ವರ್ಷಕ್ಕೆ ಸುಮಾರು ೯೭ ಸೆಂಟಿಮೀಟರು ಮಳೆಯಾದರೂ, ಜನವರಿ ಫೆಬ್ರವರಿಗಳೆರಡರಲ್ಲಿಯೂ ಕೂಡಿ ಬೀಳುವುದು ಒಂದು ಸೆಂಟಿಮೀಟರಿನಷ್ಟು ಮಾತ್ರ. ಮರದ ಬೇರು ಆಳಕ್ಕಿಳಿದು ಹಿಂದಿನ ಮಳೆಗಾಲದ ನೀರನ್ನು ಹೀರಿಕೊಳ್ಳುತ್ತದೆ. ಹಳೆಯ ಎಲೆಯನ್ನು ಉದುರಿಸಿ ಆವಿಯಾಗಿ ಹೋಗುವ ನೀರನ್ನು ಉಳಿಸುತ್ತದೆ. ಬೆಂಡೆಯ ಗಿಡಕ್ಕಾಗಲಿ ಹೀರೆಯ ಬಳ್ಳಿಗಾಗಲಿ ಆ ಶಕ್ತಿಯೆಲ್ಲಿ? ೨೦೨೪ರ ಮಾರ್ಚಿ ತಿಂಗಳಲ್ಲಿ ಕೊಳವೆಬಾವಿಗಳು ಬತ್ತಿದಾಗ, ಕುಡಿಯುವ ನೀರನ್ನು ತೋಟಕ್ಕೆ ಹಾಕಕೂಡದೆಂದು ಜಲಮಂಡಳಿಯವರು ಆಜ್ಞೆ ಹೊರಡಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡವನ್ನು ಗೊತ್ತುಮಾಡಿದರು. ೨೦೨೫ರ ಫೆಬ್ರವರಿಯಲ್ಲಿಯೂ ಅಂಥದೇ ಆಜ್ಞೆಯಾಯಿತು. ಆದಕಾರಣ ಕಡಮೆ ನೀರಿನಲ್ಲಿ ತೋಟವನ್ನು ನಡೆಸುವ ಕ್ರಮವನ್ನು ಕಲಿಯುವುದೇ ಜಾಣತನ. ಇದಕ್ಕೆ ಬೀದಿಯ ಮರಗಳನ್ನೇ ಪಂಚಾಂಗವನ್ನಾಗಿ ಇಟ್ಟುಕೊಳ್ಳಬಹುದು.

ಹೊಂಗೆಯ ಎಲೆ ಉದುರುವಾಗ ಗುಣಿ ತೋಡಬೇಕು. ಒಂದು ಮೊಳ ಆಳ, ಒಂದು ಮೊಳ ಅಗಲವಿದ್ದರೆ ಸಾಕು. ಮೇಲುಮಣ್ಣಿಗೆ ಹಳೆಯ ಗೊಬ್ಬರವನ್ನೂ ಒಂದು ಹಿಡಿ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಬೇಕು. ಒಣ ಎಲೆಯನ್ನು ಮಾತ್ರ ಈ ಮಣ್ಣಿನಲ್ಲಿ ಬೆರೆಸಲಾಗದು. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುವುದರಿಂದ ಎಳೆಯ ಸಸಿ ಬಿಳಿಚಿಕೊಳ್ಳುತ್ತದೆ. ಎಲೆಯನ್ನು ಎರಡು ಪಾಲು ಮಾಡಿ, ಒಂದನ್ನು ಗೋಣಿಚೀಲಗಳಲ್ಲಿ ತುಂಬಿಡಿರಿ. ಇನ್ನೊಂದನ್ನು ಮೂಲೆಯಲ್ಲಿ ರಾಶಿ ಹಾಕಿ, ತರಕಾರಿಯ ಸಿಪ್ಪೆಯನ್ನೂ ಸ್ವಲ್ಪ ಸಗಣಿಯನ್ನೂ ನಡುನಡುವೆ ಹರಡಿ, ತೇವವಾರದಂತೆ ನೋಡಿಕೊಂಡು ಆಗಾಗ್ಗೆ ಮಗುಚುತ್ತಿರಿ. ಮುಂಗಾರಿನ ವೇಳೆಗೆ ಅದು ಗೊಬ್ಬರವಾಗುತ್ತದೆ.

ಹೊಂಗೆ ಚಿಗುರಿದಾಗ ಬಿತ್ತನೆಯ ಕಾಲ. ಎಲೆಕೋಸು, ಕ್ಯಾರೆಟ್ಟುಗಳ ಗೊಡವೆ ಈಗ ಬೇಡ. ಅವು ಚಳಿಗಾಲದ ಬೆಳೆಗಳು. ಬೆಂಡೆ, ಗೋರಿಕಾಯಿ, ಅಲಸಂದೆ, ಹೀರೆ, ಹಾಗಲ, ಪಡವಲ, ಸೌತೆ, ದಂಟು ಇವು ಬಿಸಿಲನ್ನು ಸಹಿಸತಕ್ಕವು. ಹಾಗಲ, ಪಡವಲಗಳ ಗಟ್ಟಿ ಬೀಜವನ್ನು ರಾತ್ರಿ ನೆನೆಹಾಕಿ ಬಿತ್ತಬೇಕು. ದಂಟಿನ ಸೊಪ್ಪು ಒಂದು ತಿಂಗಳಲ್ಲಿ ಹುಳಿಗೆ ಒದಗುತ್ತದೆ. ಬೆಂಡೆ ಐವತ್ತು ದಿನಗಳಲ್ಲಿ ಕಾಯಿ ಬಿಡುತ್ತದೆ. ಅಂಗಳವಿಲ್ಲದೆ ಮಹಡಿಯ ಮನೆಗಳಲ್ಲಿರುವವರು ಕುಂಡಗಳಲ್ಲಿ ದಂಟನ್ನೂ ಬೆಂಡೆಯನ್ನೂ ಬೆಳೆಯಬಹುದು.

ಬೇವು ಹೂವಾದಾಗ, ಎಂದರೆ ಯುಗಾದಿಯ ಸುಮಾರಿಗೆ, ಬಿಸಿಲು ಏರುತ್ತದೆ. ಆಗ ಚೀಲದ ಎಲೆಗಳನ್ನು ಹೊರತೆಗೆದು ಗಿಡಗಳ ಸುತ್ತ ನಾಲ್ಕು ಬೆರಳು ದಪ್ಪಕ್ಕೆ ಹೊದಿಸಬೇಕು; ಕಾಂಡಕ್ಕೆ ಮಾತ್ರ ತಗುಲಿಸಬಾರದು. ಈ ಹೊದಿಕೆಯ ಕೆಳಗೆ ಮಣ್ಣು ತಂಪಾಗಿ, ಹಾಕಿದ ನೀರು ಬೇಗನೆ ಆರುವುದಿಲ್ಲ. ಅಕ್ಕಚ್ಚು, ಸೊಪ್ಪು ತೊಳೆದ ನೀರು ಇವನ್ನು ಸಂಜೆ ಬುಡಕ್ಕೆ ಹೊಯ್ಯಬಹುದು. ಬಳ್ಳಿಗಳ ನಡುವೆ ಸಾದಾ ಮಣ್ಣಿನ ಮಡಕೆಯೊಂದನ್ನು ಕತ್ತಿನವರೆಗೆ ಹೂಳಿ, ನೀರು ತುಂಬಿ, ಸೊಳ್ಳೆಯಾಗದಂತೆ ಮುಚ್ಚಳವಿಡುವುದು ಇನ್ನೂ ಉತ್ತಮ. ಮಣ್ಣು ಒಣಗಿದಷ್ಟೂ ಮಡಕೆಯ ಮೈಯಿಂದ ನೀರು ಜಿನುಗುತ್ತದೆ. ಒಂದು ಹನಿಯೂ ಹಾಳಾಗದು. ಅಶ್ವಿನಿ, ಭರಣಿ ಮಳೆಗಳು ಬರುವ ಏಪ್ರಿಲ್ ನಡುವಿನವರೆಗೆ ಹೀಗೆ ದಾಟಿಸಿದರೆ ಮುಂದಿನ ಭಾರವನ್ನು ಆಕಾಶವೇ ಹೊರುತ್ತದೆ.

ಎಲೆಯ ರಾಶಿಗೆ ಬೆಂಕಿಯಿಡುವ ಅಭ್ಯಾಸ ನಮ್ಮ ಬೀದಿಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ೨೦೧೬ರ ಕಸ ನಿರ್ವಹಣೆಯ ನಿಯಮಗಳು ಇದನ್ನು ನಿಷೇಧಿಸಿದುವು. ಆ ಹೊಗೆ ಮಕ್ಕಳ ಮತ್ತು ವೃದ್ಧರ ಎದೆಗೆ ಕೆಡುಕು; ಗಿಡಕ್ಕೆ ಸಲ್ಲಬೇಕಾದ ಸಾರವೂ ಬೂದಿಯಾಗುತ್ತದೆ. ಅಂಗಳವಿಲ್ಲದವರು ತಮ್ಮ ಬಾಗಿಲಿನ ಎಲೆಯನ್ನು ಅಂಗಳವಿರುವ ನೆರೆಮನೆಯವರಿಗೆ ಕೊಡಲಿ. ಮೊದಲ ಕೋಗಿಲೆ ಕೂಗಿದ ದಿನ, ಹೊಂಗೆ ಚಿಗುರಿದ ದಿನ, ಬೇವು ಹೂ ಬಿಟ್ಟ ದಿನ, ಇವನ್ನು ಮಕ್ಕಳ ಕೈಯಲ್ಲಿ ಒಂದು ಪುಸ್ತಕದಲ್ಲಿ ಬರೆಯಿಸಿರಿ. ನಾಲ್ಕೈದು ವರ್ಷ ಹೀಗೆ ಬರೆದಿಟ್ಟರೆ, ಯಾವಾಗ ಬಿತ್ತಬೇಕೆಂದು ಹೇಳುವ ನಿಮ್ಮ ಬೀದಿಯದೇ ಪಂಚಾಂಗವು ಮನೆಯಲ್ಲಿ ಸಿದ್ಧವಾಗುತ್ತದೆ.